ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ, ಇಲ್ಲದಿದ್ದರೆ, ಆಫ್ ಮಾಡಿದರೆ: ಹುಬ್ಬಳ್ಳಿ ಸಿಮೆಂಟ್ ರೋಡಿನಿಂದ ನವಲಗುಂದದ ಎರೆ ಹೊಲದವರೆಗೆ ಒಂದು ಹೋಲಿಕೆ

ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ನವಲಗುಂದದ ಕಡೆ ಕಾರು ತೆಗೆದುಕೊಂಡು ಹೊರಟರೆ ನಾಲ್ಕು ಥರದ ನೆಲ ಸಿಗುತ್ತದೆ. ಊರೊಳಗೆ ಸಿಮೆಂಟ್ ರಸ್ತೆ. ಕುಸುಗಲ್ ಕಡೆ ಹೊರಬಿದ್ದರೆ ಡಾಂಬರು. ಹೆದ್ದಾರಿ ಬಿಟ್ಟು ಹಳ್ಳಿಯತ್ತ ತಿರುಗಿದರೆ ಗರಸು ಹಾಕಿದ ದಾರಿ. ಕೊನೆಗೆ ಹೊಲಕ್ಕೆ ಹೋಗುವ ಚಕ್ಕಡಿ ದಾರಿ, ಪೂರ್ತಿ ಎರೆ ಮಣ್ಣು. ಈ ನಾಲ್ಕರಲ್ಲೂ ಗಾಲಿ ಜಾರುವ ರೀತಿ ಬೇರೆ ಬೇರೆ. ರೇಸ್ ಕೊಟ್ಟಾಗ ಗಾಲಿ ಹೀಗೆ ಜಾರಿ ಸುಮ್ಮನೆ ಸುತ್ತದಂತೆ ತಡೆಯುವ ವ್ಯವಸ್ಥೆಯೇ ಟ್ರ್ಯಾಕ್ಷನ್ ಕಂಟ್ರೋಲ್. ಅದಕ್ಕೇ "ಟ್ರ್ಯಾಕ್ಷನ್ ಕಂಟ್ರೋಲ್ ಇರೋ ಮಾಡೆಲ್ ತಗೊಳ್ಳಲಾ, ಸುಮ್ನೆ ದುಡ್ಡು ದಂಡನಾ?" ಅಂತ ಯಾರಾದರೂ ಕೇಳಿದರೆ, ಯಾವ ನೆಲದ ಮೇಲೆ ಜಾಸ್ತಿ ಓಡಿಸುತ್ತೀರಿ ಅಂತ ನಾನು ಮೊದಲು ಕೇಳುತ್ತೇನೆ.

ಈ ದಾರಿಗಳಲ್ಲಿ ಮೂರು ಗಾಡಿ ಓಡಿಸಿ ನೋಡಿದ್ದೇನೆ. ಒಂದು, ನಮ್ಮ ಮನೆಯ ಹಳೆಯ ಹ್ಯಾಚ್‌ಬ್ಯಾಕ್. ಹಗುರ ಕಾರು, ಸಣ್ಣ ಟೈರು, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಕೂಡ ಇಲ್ಲ. ಎರಡನೆಯದು ಈಗ ದಿನಾ ಓಡಿಸುವ ಕಾಂಪ್ಯಾಕ್ಟ್ ಎಸ್‌ಯುವಿ. ಫ್ರಂಟ್ ವೀಲ್ ಡ್ರೈವ್, ಇಎಸ್‌ಸಿ (ಕಾರು ಅಡ್ಡ ಜಾರದಂತೆ ತಡೆಯುವ ವ್ಯವಸ್ಥೆ) ಇದೆ, ಜೊತೆಗೆ ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಅದನ್ನು ಆಫ್ ಮಾಡುವ ಬಟನ್ ಇದೆ. ಮೂರನೆಯದು ನಮ್ಮ ಸೋದರಮಾವನ ಗಾಡಿ. ಜೀಪಿನ ಜಾತಿಯದ್ದು, ಇಂಜಿನ್ ತಿರುಗಿಸುವುದು ಹಿಂದಿನ ಗಾಲಿಗಳನ್ನು, ಹಿಂದೆ ತಾನಾಗಿ ಲಾಕ್ ಆಗುವ ಮೆಕ್ಯಾನಿಕಲ್ ಡಿಫರೆನ್ಷಿಯಲ್ ಇದೆ. ಎಸ್‌ಯುವಿಯ ಬಟನ್ ಆಫ್ ಮಾಡಿದರೆ ಅದೇ ನಾಲ್ಕನೆಯ ಆಯ್ಕೆ. ಗಾಡಿಗಳ ಹೆಸರು ಬರೆಯುವುದಿಲ್ಲ. ನಾನು ಹೋಲಿಸುತ್ತಿರುವುದು ಒಳಗಿನ ವ್ಯವಸ್ಥೆಯನ್ನು, ಕಂಪನಿಗಳನ್ನಲ್ಲ.

ಒಳಗೆ ಏನು ನಡೆಯುತ್ತದೆ

ಇಂಜಿನ್ ಬಲ ಎರಡು ಗಾಲಿಗೆ ಹಂಚಿಹೋಗುವುದು ಡಿಫರೆನ್ಷಿಯಲ್ ಮೂಲಕ. ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ದೂರ ಸುತ್ತಬೇಕು, ಒಳಗಿನದು ಕಡಿಮೆ. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಡಿಫರೆನ್ಷಿಯಲ್ ಬಿಡುತ್ತದೆ. ಆದರೆ ಸಾದಾ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾದ ಬಲವನ್ನಷ್ಟೇ ಕೊಡುತ್ತದೆ. ಒಂದು ಗಾಲಿ ರಾಡಿಯಲ್ಲಿ ಜಾರುತ್ತಿದ್ದರೆ ಅದನ್ನು ತಿರುಗಿಸಲು ಬೇಕಾದ ಬಲ ತೀರಾ ಕಡಿಮೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿಗೂ ಅಷ್ಟೇ ಸಿಗುತ್ತದೆ. ನೊಗಕ್ಕೆ ಕಟ್ಟಿದ ಎರಡು ಎತ್ತಿನಲ್ಲಿ ಒಂದು ಎಳೆಯದೆ ನಿಂತರೆ ನೊಗ ಓರೆಯಾಗುತ್ತದೆ, ಇನ್ನೊಂದು ಎಷ್ಟೇ ಗಟ್ಟಿ ಎತ್ತಾದರೂ ಚಕ್ಕಡಿ ಮುಂದೆ ಹೋಗುವುದಿಲ್ಲ. ಹಾಗೆಯೇ ಇದು.

ಟ್ರ್ಯಾಕ್ಷನ್ ಕಂಟ್ರೋಲ್ ಎರಡು ಕೆಲಸ ಮಾಡುತ್ತದೆ. ಎಬಿಎಸ್‌ಗೆಂದು ನಾಲ್ಕೂ ಗಾಲಿಗಳ ಹತ್ತಿರ ಸ್ಪೀಡ್ ಸೆನ್ಸರ್ ಇರುತ್ತದೆ. ಹಿಂದಿನ ಗಾಲಿ ನಿಧಾನವಾಗಿ ಉರುಳುತ್ತಿದೆ, ಇಂಜಿನ್ ತಿರುಗಿಸುವ ಮುಂದಿನ ಗಾಲಿ ಮಾತ್ರ ಜೋರಾಗಿ ಸುತ್ತುತ್ತಿದೆ ಅಂದರೆ ಅದು ಜಾರುತ್ತಿದೆ ಅಂತ ಕಂಪ್ಯೂಟರಿಗೆ ತಿಳಿಯುತ್ತದೆ. ಆಗ ಅದು ಇಂಜಿನ್ ಜೋರು ಇಳಿಸುತ್ತದೆ. ನಿಮ್ಮ ಕಾಲು ಆಕ್ಸಿಲರೇಟರ್ ಮೇಲೆಯೇ ಇರುತ್ತದೆ, ಆದರೆ ಥ್ರಾಟಲ್ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಕಿಡಿ ಹೊತ್ತುವ ಸಮಯ ಹಿಂದೆ ಸರಿಯುತ್ತದೆ, ಇಲ್ಲವೇ ಇಂಧನ ಕಡಿಮೆಯಾಗುತ್ತದೆ. ಎರಡನೆಯ ಕೆಲಸ, ಜಾರುವ ಗಾಲಿಯೊಂದಕ್ಕೇ ಬ್ರೇಕ್ ಹಾಕುವುದು. ಆ ಗಾಲಿ ತಿರುಗಲು ಈಗ ಬಲ ಬೇಕಾಗುತ್ತದೆ. ಡಿಫರೆನ್ಷಿಯಲ್ ಅಷ್ಟೇ ಬಲವನ್ನು ಆಚೆ ಗಾಲಿಗೂ ಕೊಡುತ್ತದೆ. ಕಾರು ಮುಂದೆ ಸರಿಯುತ್ತದೆ.

ಬಾಷ್ ಕಂಪನಿಯ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರಿಗೆ ಬಂತು. ಅದೇ ಸೆನ್ಸರ್ ಮತ್ತು ಬ್ರೇಕ್ ವಾಲ್ವುಗಳ ಮೇಲೆ 1986ರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಕಟ್ಟಿದರು. ಕಾರು ಅಡ್ಡ ಜಾರುವುದನ್ನೂ ತಡೆಯುವ ಇಎಸ್‌ಪಿ ಬಂದದ್ದು 1995ರಲ್ಲಿ. ಇಎಸ್‌ಪಿ, ಇಎಸ್‌ಸಿ ಎರಡೂ ಒಂದೇ ಕೆಲಸಕ್ಕೆ ಇಟ್ಟ ಹೆಸರುಗಳು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಅಂದರೆ ಗಾಲಿಯ ಸೆನ್ಸರ್ ಈಗ ಕಡಿಮೆ ಬೆಲೆಯ ಕಾರಿನಲ್ಲೂ ಇದ್ದೇ ಇದೆ. ಆದರೆ ಎಬಿಎಸ್ ಇದ್ದಲ್ಲೆಲ್ಲ ಟ್ರ್ಯಾಕ್ಷನ್ ಕಂಟ್ರೋಲ್ ಇರುತ್ತದೆ ಅಂತ ತಿಳಿಯಬೇಡಿ. ಎಬಿಎಸ್ ಬ್ರೇಕ್ ಒತ್ತಿದಾಗ ಕೆಲಸ ಮಾಡುತ್ತದೆ, ಇದು ರೇಸ್ ಕೊಟ್ಟಾಗ.

ಊರೊಳಗೆ

ಮಳೆ ಬಿದ್ದ ಹೊಸದರಲ್ಲಿ ರಸ್ತೆಯ ಮೇಲಿನ ಎಣ್ಣೆ, ಧೂಳು ನೀರಿನ ಜೊತೆ ಕಲೆತು ಒಂದು ತೆಳು ಪದರ ಆಗುತ್ತದೆ. ಬಿಳಿ ಬಣ್ಣದ ಪಟ್ಟೆ, ಕಬ್ಬಿಣದ ಮುಚ್ಚಳ ಇದ್ದ ಕಡೆ ಇನ್ನೂ ನುಣುಪು. ಗೋಕುಲ ರೋಡಿನ ಅಡ್ಡ ರಸ್ತೆಯಿಂದ ಮುಖ್ಯ ರಸ್ತೆಗೆ ತಿರುಗಬೇಕು ಅಂದುಕೊಳ್ಳಿ. ಲಾರಿ ಬರುತ್ತಿದೆ, ಸಣ್ಣ ಸಂದು ಸಿಕ್ಕಿದೆ, ಸ್ಟೇರಿಂಗ್ ತಿರುಗಿಸಿಕೊಂಡೇ ರೇಸ್ ಕೊಡುತ್ತೀರಿ.

ಹಳೆಯ ಕಾರಿನಲ್ಲಿ ಆಗ ಒಳಗಿನ ಮುಂದಿನ ಗಾಲಿ ಕಿರ್ ಅಂತ ಸುತ್ತುತ್ತದೆ. ಸ್ಟೇರಿಂಗ್ ಕೈಯಲ್ಲಿ ಹಗುರಾಗುತ್ತದೆ. ಕಾರು ತಿರುಗಬೇಕಾದಷ್ಟು ತಿರುಗದೆ ಹೊರಗಡೆಗೆ ದೂಡಿಕೊಂಡು ಹೋಗುತ್ತದೆ. ಕಾಲು ಸ್ವಲ್ಪ ಎತ್ತಿದರೆ ಸರಿಯಾಗುತ್ತದೆ. ಅಭ್ಯಾಸ ಇದ್ದವರು ಎತ್ತುತ್ತಾರೆ. ಆದರೆ ಎದುರಿಗೆ ಲಾರಿ ಕಂಡಾಗ ಕಾಲು ಎತ್ತುವುದು ಯಾರಿಗೂ ಸುಲಭವಲ್ಲ. ಮನಸ್ಸು ಹೇಳುವುದು ಇನ್ನೂ ಒತ್ತು ಅಂತಲೇ.

ಎಸ್‌ಯುವಿಯಲ್ಲಿ ಅದೇ ಜಾಗದಲ್ಲಿ ಮೀಟರಿನ ಹಳದಿ ದೀಪ ಮಿನುಗುತ್ತದೆ. ಕಾರಿನ ಚಿತ್ರ, ಅದರ ಕೆಳಗೆ ಎರಡು ಡೊಂಕು ಗೆರೆ, ನೋಡಿರುತ್ತೀರಿ. ಕೆಳಗಿನಿಂದ ಕರ್ ಕರ್ ಅಂತ ಸಣ್ಣ ಸದ್ದು, ಅದು ಬ್ರೇಕ್ ವಾಲ್ವು. ಸ್ಟೇರಿಂಗ್ ತಿರುಗಿಸಿದ ಕಡೆಗೇ ಕಾರು ಹೋಗುತ್ತದೆ. ಇಲ್ಲೊಂದು ಎಚ್ಚರ ಬೇಕು. ದೀಪ ಮಿನುಗಿದಾಗ ಒಂದು ಕ್ಷಣ ಇಂಜಿನ್ ಮಂಕಾಗುತ್ತದೆ. ನೀವು ಕೇಳಿದಷ್ಟು ವೇಗ ಸಿಗುವುದಿಲ್ಲ. ಸಣ್ಣ ಸಂದಿನಲ್ಲಿ ನುಗ್ಗುವವರು ಇದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಇಷ್ಟಾದರೂ ನನ್ನ ತೀರ್ಮಾನ ಗಟ್ಟಿ: ಊರೊಳಗೆ, ಡಾಂಬರಿನ ಮೇಲೆ ಟ್ರ್ಯಾಕ್ಷನ್ ಕಂಟ್ರೋಲ್‌ಗೆ ಸಾಟಿಯಿಲ್ಲ. ಇಲ್ಲಿ ಬಟನ್ ಮುಟ್ಟಲು ಒಂದೇ ಒಂದು ಕಾರಣವೂ ಇಲ್ಲ.

ಸೋದರಮಾವನ ಗಾಡಿ ಇಲ್ಲಿ ಹಿಂದೆ ಬೀಳುತ್ತದೆ. ಹಿಂದಿನ ಗಾಲಿ ಎಳೆಯುವ ಗಾಡಿಯಲ್ಲಿ ಹಿಂದೆ ಭಾರ ಇಲ್ಲದಿದ್ದರೆ ಒದ್ದೆ ತಿರುವಿನಲ್ಲಿ ಬಾಲ ಹೊರಗೆ ಸರಿಯಲು ನೋಡುತ್ತದೆ. ಲಾಕ್ ಆಗುವ ಡಿಫರೆನ್ಷಿಯಲ್ ಇದಕ್ಕೆ ಔಷಧ ಅಲ್ಲ. ಅದು ಎರಡೂ ಗಾಲಿ ಒಟ್ಟಿಗೆ ಸುತ್ತುವಂತೆ ಮಾಡುತ್ತದೆಯೇ ಹೊರತು ಇಂಜಿನ್ ಜೋರನ್ನು ಇಳಿಸುವುದಿಲ್ಲ. ಮಾವ ಮಳೆಯಲ್ಲಿ ತಿರುವು ಬಂದರೆ ತಾನೇ ನಿಧಾನ ಮಾಡುತ್ತಾರೆ.

ಧಾರವಾಡ ರಸ್ತೆ, ಬೈಪಾಸ್, ಎಲ್ಲ ಕಡೆ ಇದೇ ಮಾತು. ಬೈಪಾಸಿನಲ್ಲಿ ವೇಗ ಜಾಸ್ತಿ, ಹಾಗಾಗಿ ಇಎಸ್‌ಸಿ ಬೆಲೆ ಇನ್ನೂ ಜಾಸ್ತಿ. ಆದರೆ ರಸ್ತೆಯ ಮೇಲೆ ನೀರು ನಿಂತು ಟೈರು ನೀರಿನ ಮೇಲೆ ತೇಲತೊಡಗಿದರೆ ಯಾವ ಕಂಪ್ಯೂಟರೂ ಉಳಿಸುವುದಿಲ್ಲ. ಇರುವ ಹಿಡಿತವನ್ನು ಹಾಳುಮಾಡದೆ ಬಳಸುವುದಷ್ಟೇ ಅದಕ್ಕೆ ಗೊತ್ತು. ಇಲ್ಲದ ಹಿಡಿತವನ್ನು ತರುವುದು ಗೊತ್ತಿಲ್ಲ. ಬ್ರೇಕ್ ಹೊಡೆದರೆ ನಿಲ್ಲುವ ದೂರವನ್ನೂ ಅದು ಕಡಿಮೆ ಮಾಡುವುದಿಲ್ಲ.

ಅರ್ಧ ಡಾಂಬರು, ಅರ್ಧ ಗರಸು

ಹುಬ್ಬಳ್ಳಿ-ಧಾರವಾಡದ ಸುತ್ತ ಪ್ಲಾಟ್ ಹಾಕಿ ಖಾಲಿ ಬಿಟ್ಟ ಲೇಔಟುಗಳಿಗೇನು ಕೊರತೆ? ಅಂಥ ಒಂದು ಲೇಔಟಿನಲ್ಲಿ, ಜನ ಇಲ್ಲದ ಹೊತ್ತಿನಲ್ಲಿ, ಸಣ್ಣ ಏರಿನ ಮೇಲೆ ಬಲಗಡೆ ಗಾಲಿ ಡಾಂಬರಿನ ಮೇಲೆ, ಎಡಗಡೆ ಗಾಲಿ ಸಡಿಲ ಗರಸಿನ ಮೇಲೆ ನಿಲ್ಲಿಸಿ ಹೊರಡಿಸಿ ನೋಡಿದೆ. ಟ್ರ್ಯಾಕ್ಷನ್ ಕಂಟ್ರೋಲ್‌ನ ಬ್ರೇಕ್ ಕೆಲಸ ಕಣ್ಣಿಗೆ ಕಾಣುವುದು ಇಂಥ ಜಾಗದಲ್ಲೇ.

ಹಳೆಯ ಕಾರು ಎಡ ಗಾಲಿ ಸುತ್ತಿ ಕಲ್ಲು ಎರಚಿತು. ಕ್ಲಚ್ ನಿಧಾನ ಬಿಟ್ಟು ರೇಸ್ ತೀರಾ ಕಡಿಮೆ ಇಟ್ಟರೆ ಹೊರಟಿತು, ಇಲ್ಲದಿದ್ದರೆ ಇಲ್ಲ. ಎಸ್‌ಯುವಿ ಬಟನ್ ಆನ್ ಇದ್ದಾಗ ಒಂದರ್ಧ ಸುತ್ತು ಜಾರಿತು, ಕರ್ ಅಂದಿತು, ಬಲ ಗಾಲಿ ಹಿಡಿಯಿತು, ಮೇಲೇರಿತು. ಬಟನ್ ಆಫ್ ಮಾಡಿದರೆ ಹಳೆಯ ಕಾರಿನ ಹಾಗೆಯೇ ಕಲ್ಲು ಎರಚಿತು. ಮಾವನ ಗಾಡಿ ಒಂದು ಗಾಲಿ ಸುತ್ತತೊಡಗಿದ ಕೂಡಲೇ ಒಳಗೆ ಠಕ್ ಅಂದು ಲಾಕ್ ಆಗಿ ಎರಡೂ ಗಾಲಿಯಿಂದ ಎಳೆದುಕೊಂಡು ಹೋಯಿತು. ಗದಗಿನ ಆಚೆ ಕಪ್ಪತಗುಡ್ಡದ ಕಡೆಯ ಗರಸು ಏರುಗಳಲ್ಲೂ ಇದೇ ಫಲಿತಾಂಶ. ಒಂದು ಕಡೆ ಗಾಲಿಗಾದರೂ ಗಟ್ಟಿ ನೆಲ ಇದ್ದರೆ ಟ್ರ್ಯಾಕ್ಷನ್ ಕಂಟ್ರೋಲ್ ಗೆಲ್ಲುತ್ತದೆ.

ರಸ್ತೆಯ ಮೇಲೆ ರಾಶಿ

ಇದನ್ನು ಬೇರೆ ಕಡೆಯವರು ಬರೆಯುವುದಿಲ್ಲ, ಹಾಗಾಗಿ ನಾನು ಬರೆಯಲೇಬೇಕು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೆಸರು ಬೆಳೆ ಕಿತ್ತ ಮೇಲೆ ನಮ್ಮ ಕಡೆಯ ಹಳ್ಳಿ ರಸ್ತೆಗಳ ಮೇಲೆ ಅದನ್ನು ಹರವಿರುತ್ತಾರೆ. ಗಾಡಿಗಳು ತುಳಿದರೆ ಕಾಳು ಬಿಡುತ್ತದೆ. ಎಲ್ಲರಿಗೂ ಕಣ ಮಾಡಲು ಜಾಗ ಇಲ್ಲ, ಮೋಡ ಕವಿದರೆ ಕಾಯಲು ಸಮಯವೂ ಇಲ್ಲ. ರೈತರ ವರ್ಷದ ದುಡಿಮೆ ಅಲ್ಲಿ ಬಿದ್ದಿರುತ್ತದೆ. ಅದರ ಮೇಲೆ ಹೋಗುವಾಗ ಸಿಟ್ಟು ಬೇಡ, ಎಚ್ಚರ ಬೇಕು.

ಆ ಬಳ್ಳಿ, ಹೊಟ್ಟು, ಕಾಳಿನ ಮೇಲೆ ಟೈರಿಗೆ ರಸ್ತೆ ಸಿಗುವುದೇ ಇಲ್ಲ. ಎಸ್‌ಯುವಿಯಲ್ಲಿ ಎರಡನೇ ಗೇರಿನಲ್ಲಿ ಸ್ವಲ್ಪ ಜಾಸ್ತಿ ರೇಸ್ ಕೊಟ್ಟರೂ ಹಳದಿ ದೀಪ ಬಿಟ್ಟೂ ಬಿಡದೆ ಮಿನುಗುತ್ತದೆ. ಹಳೆಯ ಕಾರಿನಲ್ಲಿ ಆ ದೀಪ ಇಲ್ಲ, ಹಾಗಾಗಿ ಎಷ್ಟು ಜಾರುತ್ತಿದೆ ಅಂತ ತಿಳಿಯುವುದೂ ಇಲ್ಲ. ಬ್ರೇಕ್ ಹಾಕಿದಾಗ ಮಾತ್ರ ತಿಳಿಯುತ್ತದೆ, ಅಷ್ಟೊತ್ತಿಗೆ ತಡವಾಗಿರುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್‌ನ ದೊಡ್ಡ ಉಪಕಾರ ಇದು ಅಂತ ನನಗೆ ಅನ್ನಿಸುತ್ತದೆ. ನೆಲ ಹೇಗಿದೆ ಅಂತ ಅದು ಮೊದಲೇ ತಿಳಿಸುತ್ತದೆ. ದೀಪ ಮಿನುಗಿದರೆ ಮುಂದಿನ ಗಾಡಿಯಿಂದ ಇನ್ನಷ್ಟು ದೂರ ಇರಿ, ಸ್ಟೇರಿಂಗ್ ಜಗ್ಗಬೇಡಿ. ದಾಟಿದ ಮೇಲೆ ನಿಲ್ಲಿಸಿ ಕಾರಿನ ಕೆಳಗೆ ನೋಡಿ. ಒಣ ಬಳ್ಳಿ ಬಿಸಿ ಸೈಲೆನ್ಸರ್‌ಗೆ ಸುತ್ತಿಕೊಂಡರೆ ಬೆಂಕಿ ಹತ್ತಬಹುದು.

ಎರೆ ಮಣ್ಣು: ಲೆಕ್ಕ ತಲೆಕೆಳಗು

ಎರೆ ಮಣ್ಣಿನ ಗುಣ ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಸಣ್ಣ ಮಳೆಯಾದರೆ ಮೇಲಿನ ಒಂದು ಪದರ ಬೆಣ್ಣೆಯಂತಾಗಿ ಕೆಳಗೆ ಗಟ್ಟಿ ನೆಲ ಇರುತ್ತದೆ. ದೊಡ್ಡ ಮಳೆಯಾದರೆ ಗಟ್ಟಿ ನೆಲ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಎರಡಕ್ಕೂ ಒಂದು ಸಮಾನ ತೊಂದರೆ ಇದೆ. ಈ ಮಣ್ಣು ಟೈರಿನ ಮೇಲಿನ ಕಚ್ಚುಗಳಲ್ಲಿ, ಅಂದರೆ ಟ್ರೆಡ್‌ನ ಸಂದುಗಳಲ್ಲಿ ತುಂಬಿಕೊಂಡು ಬಿಡುವುದಿಲ್ಲ. ಹತ್ತು ಸುತ್ತು ಉರುಳುವಷ್ಟರಲ್ಲಿ ಹೊಸ ಟೈರೂ ನುಣ್ಣಗಾಗುತ್ತದೆ. ಮಡ್‌ಗಾರ್ಡಿನ ಒಳಗೂ ತುಂಬಿ ಗಾಲಿಯನ್ನೇ ಹಿಡಿಯುತ್ತದೆ.

ಮಾವನ ಹೊಲಕ್ಕೆ ಹೋಗುವ ದಾರಿ ಅಣ್ಣಿಗೇರಿಯ ಕಡೆಗಿದೆ. ಅಲ್ಲಿ ಎಸ್‌ಯುವಿಯನ್ನು ಬಟನ್ ಆನ್ ಇಟ್ಟು ಒಯ್ದರೆ ಸಣ್ಣ ಮಳೆಯ ಮರುದಿನವೂ ಕಷ್ಟ. ಎರಡೂ ಮುಂದಿನ ಗಾಲಿ ಜಾರುತ್ತವೆ. ಕಂಪ್ಯೂಟರ್ ಎರಡನ್ನೂ ನೋಡಿ ಇಂಜಿನ್ ಜೋರು ಇಳಿಸುತ್ತದೆ. ಇಳಿದರೆ ಕಾರಿನ ಓಟ ಕಡಿಮೆ. ಓಟ ಕಡಿಮೆಯಾದರೆ ರಾಡಿ ಹಿಡಿದುಕೊಳ್ಳುತ್ತದೆ. ನೀವು ಪೂರ್ತಿ ಒತ್ತಿದರೂ ಇಂಜಿನ್ ಗುಂಯ್ ಅನ್ನುತ್ತಾ ಮಂಕಾಗಿ ನಿಲ್ಲುತ್ತದೆ. ಒಂದು ಗಾಲಿಗೂ ಗಟ್ಟಿ ನೆಲ ಇಲ್ಲ ಅಂದಮೇಲೆ ಬಲವನ್ನು ಯಾವ ಕಡೆಗೆ ಕಳಿಸಿ ಏನು ಉಪಯೋಗ? ತುಂಬ ಹೊತ್ತು ಹೀಗೆ ಗುದ್ದಾಡಿದರೆ ಬ್ರೇಕ್ ಕಾಯುತ್ತದೆ. ಆಗ ಎಷ್ಟೋ ಕಾರುಗಳಲ್ಲಿ ಬ್ರೇಕ್ ಕೆಲಸ ತಾನಾಗಿ ನಿಂತು, ತಣ್ಣಗಾದ ಮೇಲೆ ಮತ್ತೆ ಶುರುವಾಗುತ್ತದೆ.

ಅದೇ ಜಾಗದಲ್ಲಿ ಬಟನ್ ಆಫ್. ಈಗ ಗಾಲಿ ಜೋರಾಗಿ ಸುತ್ತುತ್ತದೆ, ಸುತ್ತಿದಾಗ ಟ್ರೆಡ್‌ಗೆ ಹತ್ತಿದ ಮಣ್ಣು ಹಾರಿಹೋಗುತ್ತದೆ, ತೆಳು ಪದರ ಹರಿದು ಕೆಳಗಿನ ಗಟ್ಟಿ ನೆಲ ಟೈರಿಗೆ ಸಿಗುತ್ತದೆ. ಎರಡನೇ ಗೇರು, ಒಂದೇ ಸಮನೆ ರೇಸ್, ನಡುವೆ ನಿಲ್ಲಿಸದೆ ಹೋದರೆ ದಾಟುತ್ತದೆ. ಡಾಂಬರಿನ ಮೇಲೆ ಗಾಲಿ ಸುಮಾರು 10ರಿಂದ 20 ಪರ್ಸೆಂಟ್ ಜಾರುವಾಗ ಹಿಡಿತ ಹೆಚ್ಚು. ರಾಡಿಯಲ್ಲಿ ಅದಕ್ಕಿಂತ ಬಹಳ ಜಾಸ್ತಿ ಜಾರಲು ಬಿಡಬೇಕಾಗುತ್ತದೆ. ಕಾರಿನ ಪುಸ್ತಕಗಳಲ್ಲೂ ಕೆಸರಿನಲ್ಲಿ ಸಿಕ್ಕಿಕೊಂಡರೆ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ ಅಂತ ಬರೆದಿರುವುದು ಇದಕ್ಕೇ.

ಆದರೆ ಇದು ಸಣ್ಣ ಮಳೆಯ ಮಾತು. ದೊಡ್ಡ ಮಳೆಯ ನಂತರ ಗಾಲಿ ಸುತ್ತಿಸಿದರೆ ಅದು ಗುಂಡಿ ತೋಡುತ್ತದೆ. ತೋಡಿ ತೋಡಿ ಕಾರಿನ ಹೊಟ್ಟೆ ನೆಲಕ್ಕೆ ಕೂತರೆ ಟ್ರ್ಯಾಕ್ಟರ್ ಕರೆಸುವುದೇ ದಾರಿ. ಗಾಲಿ ಸುತ್ತುತ್ತಿದೆ, ಕಾರು ಸರಿಯುತ್ತಿಲ್ಲ ಅನ್ನಿಸಿದ ಕೂಡಲೇ ಕಾಲು ತೆಗೆಯಿರಿ. ಮುಂದಿನ ಗಾಲಿಗಳನ್ನು ನೇರ ಮಾಡಿ, ಬಂದ ಗೆರೆಯಲ್ಲೇ ಹಿಂದಕ್ಕೆ ತೆಗೆಯಿರಿ. ಗಾಲಿಯ ಕೆಳಗೆ ಜೋಳದ ಕಣಿಕೆ ಇಲ್ಲವೇ ಖಾಲಿ ಚೀಲ ಹಾಕಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಹಿಂದೆ ಯಾರೂ ನಿಲ್ಲಬಾರದು, ಚೀಲ ಹಾರಿ ಬರುತ್ತದೆ.

ಹಳೆಯ ಹ್ಯಾಚ್‌ಬ್ಯಾಕ್ ಇಲ್ಲಿ ಚೆನ್ನಾಗಿಯೇ ಓಡಿತು. ಬಟನ್ ಆಫ್ ಮಾಡಿದ ಎಸ್‌ಯುವಿಗೂ ಅದಕ್ಕೂ ವ್ಯವಸ್ಥೆಯಲ್ಲಿ ವ್ಯತ್ಯಾಸ ಇಲ್ಲ. ತೂಕ ಕಡಿಮೆ, ಹಾಗಾಗಿ ಕಡಿಮೆ ಹೂಳುತ್ತದೆ. ಕೆಳಗೆ ಎತ್ತರ ಕಡಿಮೆ, ಹಾಗಾಗಿ ಗಾಲಿಯ ಗೆರೆ ಆಳವಿದ್ದ ಕಡೆ ಹೊಟ್ಟೆ ಬೇಗ ತಾಗುತ್ತದೆ. ಆದರೆ ಎರೆ ಮಣ್ಣಿನಲ್ಲಿ ಗೆದ್ದದ್ದು ಮಾವನ ಗಾಡಿ. ಒಂದು ಗಾಲಿ ಆಚೆಯದಕ್ಕಿಂತ ಜೋರಾಗಿ ಸುತ್ತಿದ ಕೂಡಲೇ ಲಾಕ್ ಆಗುತ್ತದೆ, ವೇಗ ಹೆಚ್ಚಾದರೆ ತಾನೇ ಬಿಡುತ್ತದೆ. ಬ್ರೇಕ್ ಕಾಯುವ ಮಾತಿಲ್ಲ, ಇಂಜಿನ್ ಮಂಕಾಗುವ ಮಾತಿಲ್ಲ. ಮೊದಲನೇ ಗೇರಿನಲ್ಲಿ ನಡೆಯುವ ವೇಗದಲ್ಲೇ ಎಳೆದುಕೊಂಡು ಹೋಗುತ್ತದೆ. ಅದರ ಕೊರತೆ ಒಂದೇ, ಲಾಕ್ ಆದಾಗ ಗಾಡಿ ನೇರ ಹೋಗಲು ನೋಡುತ್ತದೆ. ಸ್ಟೇರಿಂಗ್ ತಿರುಗಿಸಿದರೂ ತಡವಾಗಿ ತಿರುಗುತ್ತದೆ. ಬದುವಿನ ಪಕ್ಕದಲ್ಲಿ ಇದು ನೆನಪಿರಬೇಕು.

ಮಾವ ಮಾತ್ರ ಯಾವ ಗಾಡಿಯನ್ನೂ ನಂಬುವುದಿಲ್ಲ. "ಮಳಿ ನಿಂತು ಬಿಸಲು ಬಿದ್ದ ಮ್ಯಾಲೆ ಬಾರಪಾ, ಹೊಲ ಎಲ್ಲಿಗೂ ಓಡಿ ಹೋಗೂದಿಲ್ಲ" ಅನ್ನುತ್ತಾರೆ. ಬೆಣ್ಣೆಹಳ್ಳ ತುಂಬಿ ಬಂದಾಗ ರಸ್ತೆ ದಾಟುವ ವಿಷಯದಲ್ಲಂತೂ ಅವರ ಮಾತೇ ಕೊನೆ. ಹರಿಯುವ ನೀರಿಗೆ ಇಳಿಯಲು ಯಾವ ಬಟನ್ನೂ ಇಲ್ಲ.

ರಾಡಿ ದಾಟಿ ಡಾಂಬರಿಗೆ ಬಂದ ಕೂಡಲೇ ಬಟನ್ ಮತ್ತೆ ಆನ್ ಮಾಡಿ. ಸಾಮಾನ್ಯವಾಗಿ ಕಾರು ಬಂದ್ ಮಾಡಿ ಚಾಲೂ ಮಾಡಿದರೆ ಅದು ತಾನೇ ಆನ್ ಆಗಿರುತ್ತದೆ. ಆದರೆ ನಡುವೆ ಇಂಜಿನ್ ಬಂದ್ ಮಾಡದೆ ಹಾಗೇ ಹೆದ್ದಾರಿಗೆ ಹತ್ತಿದರೆ ಆಫ್ ಆಗಿಯೇ ಉಳಿಯುತ್ತದೆ. ಟೈರಿಗೆ ಮಣ್ಣು ಹತ್ತಿರುವ ಆ ಮೊದಲ ಒಂದೆರಡು ಕಿಲೋಮೀಟರಿನಲ್ಲೇ ಅದು ಅತಿ ಹೆಚ್ಚು ಬೇಕಾಗುತ್ತದೆ.

ಟೈರು

ಇದೇ ಎಸ್‌ಯುವಿಯನ್ನು ಸವೆದ ಟೈರಿನಲ್ಲೂ ಹೊಸ ಟೈರಿನಲ್ಲೂ ಓಡಿಸಿದ್ದೇನೆ. ಉಣಕಲ್ ಹತ್ತಿರದ ಒಂದೇ ತಿರುವಿನಲ್ಲಿ, ಅದೇ ಮಳೆಯಲ್ಲಿ, ಸವೆದ ಟೈರಿದ್ದಾಗ ದೀಪ ಮೇಲಿಂದ ಮೇಲೆ ಮಿನುಗುತ್ತಿತ್ತು. ಹೊಸದು ಹಾಕಿಸಿದ ಮೇಲೆ ಅದು ಅಪರೂಪವಾಯಿತು. ಟ್ರೆಡ್ 1.6 ಮಿಲಿಮೀಟರ್‌ಗೆ ಇಳಿದರೆ ಟೈರು ಕಾನೂನಿನ ಪ್ರಕಾರವೇ ಮುಗಿದಂತೆ. ಸಂದಿನ ತಳದಲ್ಲಿ ಅದನ್ನು ತೋರಿಸುವ ಸಣ್ಣ ಉಬ್ಬು ಇರುತ್ತದೆ. ನಾನು ಅಲ್ಲಿಯವರೆಗೆ ಕಾಯುವುದಿಲ್ಲ. 3 ಮಿಲಿಮೀಟರ್ ಆದಾಗ, ಮುಂಗಾರು ಶುರುವಾಗುವ ಮೊದಲೇ ಬದಲಿಸುತ್ತೇನೆ. ದುಡ್ಡು ಒಂದಕ್ಕೇ ಸಾಲುತ್ತದೆ ಅಂತಾದರೆ ಹಳೆಯ ಕಾರಿಗೆ ಒಳ್ಳೆಯ ಟೈರು ಹಾಕಿಸಿ ಅನ್ನುತ್ತೇನೆ. ನಾಲ್ಕೂ ಟೈರಿನ ಅಳತೆ ಒಂದೇ ಇರಲಿ. ಬೇರೆ ಬೇರೆ ಅಳತೆ ಇದ್ದರೆ ಗಾಲಿಗಳು ಬೇರೆ ಬೇರೆ ವೇಗದಲ್ಲಿ ಸುತ್ತುತ್ತವೆ, ಸೆನ್ಸರ್ ಲೆಕ್ಕವೇ ತಪ್ಪುತ್ತದೆ.

ಯಾರಿಗೆ ಯಾವುದು

ದಿನಾ ಹುಬ್ಬಳ್ಳಿ-ಧಾರವಾಡ ಓಡಾಟ, ವಾರಕ್ಕೊಮ್ಮೆ ಹೆದ್ದಾರಿ, ವರ್ಷಕ್ಕೊಮ್ಮೆ ಹೊಲ. ಇಂಥವರು ಸನ್‌ರೂಫ್ ಬಿಟ್ಟರೂ ಸರಿ, ಇಎಸ್‌ಸಿ ಇರುವ ಮಾಡೆಲ್ಲನ್ನೇ ತೆಗೆದುಕೊಳ್ಳಿ. ಏರಿನಲ್ಲಿ ಕಾರು ಹಿಂದೆ ಬರದಂತೆ ಹಿಡಿಯುವ ಹಿಲ್ ಹೋಲ್ಡ್ ಕೂಡ ಬಹುತೇಕ ಅದರ ಜೊತೆಗೇ ಬರುತ್ತದೆ. ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ, 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲೂ 3 ಸ್ಟಾರ್ ಮತ್ತು ಅದಕ್ಕಿಂತ ಮೇಲೆ ಬೇಕಾದರೆ ಇಎಸ್‌ಸಿ ಇರಲೇಬೇಕು. ವಾರದಲ್ಲಿ ಮೂರ್ನಾಲ್ಕು ದಿನ ಎರೆ ಹೊಲದ ದಾರಿಯೇ ಗತಿ ಅನ್ನುವವರಿಗೆ ಲಾಕಿಂಗ್ ಡಿಫರೆನ್ಷಿಯಲ್ ಕೊಟ್ಟಷ್ಟು ನೆಮ್ಮದಿ ಟ್ರ್ಯಾಕ್ಷನ್ ಕಂಟ್ರೋಲ್ ಕೊಡುವುದಿಲ್ಲ. ಬೊಲೆರೊ ನಿಯೋದಂಥ ಗಾಡಿಗಳ ಮೇಲಿನ ಮಾಡೆಲ್ಲುಗಳಲ್ಲಿ ಅದು ಬಂದಿದೆ. ಎರಡೂ ಇರುವ ಗಾಡಿ ಸಿಕ್ಕರೆ ಅದೇ ಉತ್ತಮ. ಹಳೆಯ ಸಾದಾ ಕಾರು ಇದ್ದವರು ಅದನ್ನು ಮಾರಿ ಓಡಬೇಕಾಗಿಲ್ಲ. ನಿಧಾನ ಕ್ಲಚ್, ಎರಡನೇ ಗೇರು, ಒಳ್ಳೆಯ ಟೈರು, ಇಷ್ಟರಲ್ಲಿ ಊರೊಳಗಿನ ಬಹಳಷ್ಟು ಕೆಲಸ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ಪರೀಕ್ಷೆ ಮಾಡಿ. ಕೀ ಆನ್ ಮಾಡಿ, ಇಂಜಿನ್ ಚಾಲೂ ಮಾಡಬೇಡಿ. ಡೊಂಕು ಗೆರೆಯ ಹಳದಿ ದೀಪ ಹತ್ತಬೇಕು. ಇಂಜಿನ್ ಚಾಲೂ ಆಗಿ ಸ್ವಲ್ಪ ಹೊತ್ತಿಗೆ ಆರಬೇಕು. ಇಎಸ್‌ಸಿ ಇದೆ ಅಂತ ಹೇಳಿದ ಕಾರಿನಲ್ಲಿ ದೀಪ ಹತ್ತಲೇ ಇಲ್ಲ ಅಂದರೆ ಯಾಕೆ ಅಂತ ಕೇಳಿ. ಓಡಿಸುವಾಗ ಮಿನುಗದೆ ಒಂದೇ ಸಮನೆ ಉರಿಯುತ್ತಿದ್ದರೆ ಬಟನ್ ಆಫ್ ಆಗಿದೆಯೇ ನೋಡಿ. ಬಟನ್ ಸರಿಯಿದ್ದೂ ಉರಿಯುತ್ತಿದ್ದರೆ ಗಾಲಿಯ ಒಳಗಡೆ ಸೆನ್ಸರ್ ವೈರಿನ ಸುತ್ತ ಒಣಗಿ ಕಲ್ಲಾದ ಎರೆ ಮಣ್ಣು ಇದೆಯೇ ಅಂತ ಬಗ್ಗಿ ನೋಡಿ. ತೊಳೆಸಿದ ಮೇಲೂ ದೀಪ ಆರದಿದ್ದರೆ ಸ್ಕ್ಯಾನರ್ ಹಾಕಿಸಿ ಯಾವ ಗಾಲಿಯ ಸೆನ್ಸರ್ ಅಂತ ತಿಳಿದುಕೊಂಡೇ ರೇಟು ಮಾತಾಡಿ.